ಆ ನಾಸ್ ಬಾಕ್ಸ್ ಕೆಟ್ಟಿಲ್ಲ, ಹಳೇ ಆಫೀಸಿನ ಅಡ್ರೆಸ್ ಬಿಟ್ಟಿಲ್ಲ ಅಷ್ಟೇ

ಸಂಪಾದಕರೇ, ನಮಸ್ಕಾರ.

ನಾನು ತುಮಕೂರಿನಲ್ಲಿ ಫೋಟೊ ಸ್ಟುಡಿಯೋ ನಡೆಸುವವನು. ಮದುವೆ, ನಾಮಕರಣ, ಗೃಹಪ್ರವೇಶ, ಇದೇ ನಮ್ಮ ಕೆಲಸ. ಪತ್ರ ಬರೆಯುತ್ತಿರುವುದು ಮಾತ್ರ ಕ್ಯಾಮೆರಾ ಬಗ್ಗೆ ಅಲ್ಲ, ನಮ್ಮ ಕಡೆ ಸ್ಟುಡಿಯೋದವರು, ಆಡಿಟರ್ ಆಫೀಸಿನವರು, ಸಣ್ಣ ಶಾಲೆಯವರು ಈಗ ತಂದಿಟ್ಟುಕೊಳ್ಳುತ್ತಿರುವ ಸೆಕೆಂಡ್ ಹ್ಯಾಂಡ್ ನಾಸ್ ಬಾಕ್ಸ್ ಬಗ್ಗೆ. ತರುತ್ತಾರೆ, ಕರೆಂಟ್ ಕೊಡುತ್ತಾರೆ, ಲೈಟ್ ಬರುತ್ತದೆ, ಫ್ಯಾನ್ ತಿರುಗುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಹತ್ತಿರದ ಅಂಗಡಿಗೆ ತೆಗೆದುಕೊಂಡು ಹೋದರೆ 'ಡಿಸ್ಕ್ ಹೋಗಿದೆ ಸಾರ್' ಅನ್ನುತ್ತಾರೆ. ಆಮೇಲೆ ಒಂದೋ ಗುಜರಿ, ಇಲ್ಲ ಫಾರ್ಮ್ಯಾಟ್. ನಾನು ಕಣ್ಣಾರೆ ನೋಡಿದವುಗಳಲ್ಲಿ ಹೆಚ್ಚಿನವು ಕೆಟ್ಟಿರಲೇ ಇಲ್ಲ. ಮಾರಿದವರು ಹಳೇ ಸೆಟ್ಟಿಂಗ್ ತೆಗೆದು ಕೊಟ್ಟಿರಲಿಲ್ಲ, ಕೊಂಡವರಿಗೆ ಎಲ್ಲಿಂದ ಹುಡುಕಲು ಶುರು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ, ಅಷ್ಟೇ.

ಗೊತ್ತಿಲ್ಲದವರಿಗೆ ಎರಡು ಮಾತು. ನಾಸ್ ಅಂದರೆ ವೈಫೈ ರೂಟರಿಗೆ ಕೇಬಲ್ ಹಾಕಿ ಇಡುವ ಹಾರ್ಡ್ ಡಿಸ್ಕ್ ಡಬ್ಬಿ. ಆಫೀಸಿನ ಎಲ್ಲ ಕಂಪ್ಯೂಟರುಗಳೂ ಅದರಲ್ಲಿರುವ ಫೈಲು ತೆಗೆಯಬಹುದು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಲೆಕ್ಕವಿಲ್ಲದ ಉಚಿತ ಜಾಗ ನಿಲ್ಲಿಸಿ 15 ಜಿಬಿಗೆ ಕಟ್ಟಿಹಾಕಿತು ನೋಡಿ, ಅವತ್ತಿನಿಂದ ಮನೆಯವರಿಗೂ ಇದರ ಮೇಲೆ ಕಣ್ಣು. ನಮ್ಮಂಥವರಿಗಂತೂ ಒಂದೇ ಮದುವೆಯ ವಿಡಿಯೊ ನೂರಾರು ಜಿಬಿ ಆಗುತ್ತದೆ, ಅದನ್ನು ಇಂಟರ್ನೆಟ್ಟಿಗೆ ಏರಿಸಿಕೊಂಡು ಕೂತರೆ ಮದುಮಕ್ಕಳು ಆಲ್ಬಮ್ ಕೇಳಿಕೊಂಡು ಬಂದುಬಿಡುತ್ತಾರೆ. ಹೊಸ ಬಾಕ್ಸ್ ದುಬಾರಿ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಹಳೆಯದನ್ನು ಹೊರಗೆ ಹಾಕುತ್ತವೆ, ಅವು ಅಲ್ಲಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರೋಡಿಗೆ ಬರುತ್ತವೆ. ಬೆಂಗಳೂರು ನಮಗೆ ಸುಮಾರು 70 ಕಿಲೋಮೀಟರ್. ಬೆಳಗಿನ ರೈಲಿಗೆ ಹೋಗಿ, ಚೀಲದಲ್ಲಿ ಹಾಕಿಕೊಂಡು, ಸಂಜೆ ರೈಲಿಗೆ ವಾಪಸ್.

ತೊಂದರೆ ಶುರುವಾಗುವುದೇ ಇದನ್ನು ಮಾಮೂಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅಂದುಕೊಳ್ಳುವುದರಿಂದ. ಹಿಂದೆ ಯುಎಸ್‌ಬಿ ಕಿಂಡಿ ಇರುತ್ತದೆ, ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್ ಹಾಕುತ್ತಾರೆ, ಏನೂ ಬರುವುದಿಲ್ಲ. ಬರುವುದೂ ಇಲ್ಲ! ಹೆಚ್ಚಿನ ನಾಸ್‌ಗಳಲ್ಲಿ ಆ ಕಿಂಡಿ ಇರುವುದು ನಾಸ್‌ಗೇ ಪೆನ್ ಡ್ರೈವ್, ಪ್ರಿಂಟರ್ ಸಿಕ್ಕಿಸುವುದಕ್ಕೆ. ಈ ಡಬ್ಬಿ ತಾನೇ ಒಂದು ಸಣ್ಣ ಕಂಪ್ಯೂಟರು. ಒಳಗೆ ಸಾಮಾನ್ಯವಾಗಿ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಬೇರೆ ವ್ಯವಸ್ಥೆ ಓಡುತ್ತಿರುತ್ತದೆ. ಅದಕ್ಕೆ ತನ್ನದೇ ಅಡ್ರೆಸ್, ತನ್ನದೇ ಯೂಸರ್, ತನ್ನದೇ ಪಾಸ್‌ವರ್ಡ್. ಅದರ ಜೊತೆ ಮಾತಾಡಬೇಕಾದರೆ ಲ್ಯಾನ್ ಕೇಬಲ್ ಮೂಲಕ, ಅದರ ಅಡ್ರೆಸ್ ಗೊತ್ತುಮಾಡಿಕೊಂಡೇ ಮಾತಾಡಬೇಕು.

ಅದಕ್ಕೂ ಮುಂಚೆ ಅಡಾಪ್ಟರ್ ನೋಡಿ. ಹಳೇ ಮಾಲು ಮಾರುವವರು ಬುಟ್ಟಿಯಲ್ಲಿ ಕೈಗೆ ಸಿಕ್ಕಿದ, ಪಿನ್ನು ಕೂರುವ ಅಡಾಪ್ಟರ್ ಒಂದನ್ನು ಕೊಟ್ಟು ಕಳಿಸುತ್ತಾರೆ. ಎರಡು ಡಿಸ್ಕಿನ ಬಾಕ್ಸಿಗೆ ಸಾಮಾನ್ಯವಾಗಿ 12 ವೋಲ್ಟ್, 5 ಆಂಪಿಯರ್ ಆಸುಪಾಸು ಬೇಕು. ದೊಡ್ಡ ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವ ಆ ಕ್ಷಣಕ್ಕೆ ಒಂದೊಂದೂ ಎರಡು ಆಂಪಿಯರ್ ಹತ್ತಿರ ಎಳೆಯುತ್ತದೆ. ರೂಟರಿನ 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಹಾಕಿದರೆ ಲೈಟ್ ಬರುತ್ತದೆ, ಡಿಸ್ಕ್ ತಿರುಗಲು ಹೊರಟು ನಿಲ್ಲುತ್ತದೆ, ಬಾಕ್ಸ್ ಮತ್ತೆ ಮೊದಲಿಂದ ಆನ್ ಆಗುತ್ತದೆ, ಹೀಗೇ ಸುತ್ತುತ್ತಿರುತ್ತದೆ. ಹೊರಗಿನಿಂದ ನೋಡಿದವರಿಗೆ ಟಿಕ್ ಟಿಕ್ ಸದ್ದು, ಡಿಸ್ಕ್ ಹೋಯಿತು ಅನ್ನುವ ತೀರ್ಮಾನ. ಬಾಕ್ಸಿನ ತಳದ ಸ್ಟಿಕ್ಕರಿನಲ್ಲಿ ಬರೆದಿರುವ ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಜಾಸ್ತಿ ಇರಬೇಕು. ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಕೂರುತ್ತದೆ ಅಂತ ಮಾತ್ರ ದಯವಿಟ್ಟು ಚುಚ್ಚಬೇಡಿ, ಆಗ ನಿಜವಾಗಿಯೂ ಹೋಗುತ್ತದೆ.

ಆಮೇಲೆ ಕೇಬಲ್. ಲ್ಯಾನ್ ಕಿಂಡಿಯ ಪಕ್ಕದ ಪುಟ್ಟ ಲೈಟ್ ಹತ್ತದಿದ್ದರೆ ಮುಂದಿನ ಯಾವ ಸೆಟ್ಟಿಂಗ್ ನೋಡಿಯೂ ಪ್ರಯೋಜನ ಇಲ್ಲ. ನಮ್ಮಲ್ಲಿ ಕೇಬಲ್ ಎಳೆಯುವ ಹುಡುಗರು ಎಂಟು ತಂತಿಯಲ್ಲಿ ನಾಲ್ಕನ್ನೇ ಜೋಡಿಸಿ ಬಿಡುವುದುಂಟು. 100 ಎಂಬಿಪಿಎಸ್ ವೇಗಕ್ಕೆ ನಾಲ್ಕು ತಂತಿ ಸಾಕು, ಅದರ ಹತ್ತು ಪಟ್ಟು ವೇಗದ ಗಿಗಾಬಿಟ್‌ಗೆ ಎಂಟೂ ಬೇಕು. ಎರಡೂ ಕಡೆ ಗಿಗಾಬಿಟ್ ಸಾಮಾನು ಇದ್ದು ನಡುವೆ ನಾಲ್ಕು ತಂತಿಯ ಕೇಬಲ್ ಇದ್ದರೆ ಕೆಲವೊಮ್ಮೆ ಲಿಂಕೇ ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕೇಬಲ್ ಒಂದನ್ನು ಹಾಕಿ ನೋಡಿ. ರೂಟರಿನಲ್ಲಿ ಹೊರಗಿನ ಇಂಟರ್ನೆಟ್ ಬರುವ, ಬೇರೆ ಬಣ್ಣದ ವ್ಯಾನ್ ಕಿಂಡಿ ಇರುತ್ತದೆ, ಅದಕ್ಕೆ ಹಾಕಬೇಡಿ.

ಈಗ ಮುಖ್ಯ ವಿಷಯ, ಅಡ್ರೆಸ್. ಮನೆಯ ರೂಟರು ತನ್ನ ಹತ್ತಿರ ಬಂದವರಿಗೆಲ್ಲ ತಾನೇ ಒಂದು ಐಪಿ ಅಡ್ರೆಸ್ ಹಂಚುತ್ತದೆ. ಫೋನು, ಟಿವಿ, ಲ್ಯಾಪ್‌ಟಾಪು ಕೇಳಿ ಪಡೆಯುತ್ತವೆ. ಆಫೀಸುಗಳಲ್ಲಿ ನಾಸ್‌ಗೆ ಹಾಗೆ ಬಿಡುವುದಿಲ್ಲ. ದಿನಾ ಅಡ್ರೆಸ್ ಬದಲಾದರೆ ಎಲ್ಲರ ಕಂಪ್ಯೂಟರಲ್ಲೂ ದಾರಿ ತಪ್ಪುತ್ತದಲ್ಲ, ಅದಕ್ಕೆ ಒಂದು ಗಟ್ಟಿ ಅಡ್ರೆಸ್ ಬರೆದು ಕೂರಿಸಿರುತ್ತಾರೆ. ಅಲ್ಲಿ 10.0.5.20 ಅಂತ ಇದ್ದದ್ದು ಇಲ್ಲಿ 192.168.1 ಅಂತ ಶುರುವಾಗುವ ನಿಮ್ಮ ಮನೆಗೆ ಬಂದರೂ 10.0.5.20 ಅಂತಲೇ ಕೂತಿರುತ್ತದೆ. ಬಾಡಿಗೆ ಮನೆ ಬದಲಿಸಿದ ಮೇಲೂ ಹಳೇ ಬೀದಿಯ ಬಾಗಿಲಲ್ಲೇ ಹಾಲಿಗೆ ಕಾದ ಹಾಗೆ. ನಿಮ್ಮ ರೂಟರನ್ನು ಅದು ಏನನ್ನೂ ಕೇಳುವುದಿಲ್ಲ, ಆದ್ದರಿಂದ ರೂಟರಿನ ಪಟ್ಟಿಯಲ್ಲಿ ಅದರ ಹೆಸರು ಇರುವುದೂ ಅನುಮಾನ. ಎರಡೂ ಒಂದೇ ಕೇಬಲ್ಲಿನ ಎರಡು ತುದಿಯಲ್ಲಿದ್ದರೂ ಮಾತಿಲ್ಲ ಕತೆಯಿಲ್ಲ.

ಹಾಗಾಗಿ ರೂಟರಿನ ಪೇಜ್ ಮೊದಲು ತೆಗೆಯಿರಿ. ಬ್ರೌಸರಿನಲ್ಲಿ 192.168.1.1 ಅಂತ ಹೊಡೆದರೆ ಸಾಮಾನ್ಯವಾಗಿ ಬರುತ್ತದೆ. ಕೆಲವು ಫೈಬರ್ ಬಾಕ್ಸುಗಳಲ್ಲಿ 192.168.29.1 ಇರುತ್ತದೆ, ರೂಟರಿನ ಹಿಂದೆ ಬರೆದಿರುತ್ತಾರೆ. ಅದರಲ್ಲಿ ಕನೆಕ್ಟ್ ಆದವರ ಪಟ್ಟಿ ನೋಡಿ. ನಾಸ್ ತಳದ ಸ್ಟಿಕ್ಕರಿನಲ್ಲಿ ಹನ್ನೆರಡು ಅಕ್ಷರ-ಅಂಕಿಯ ಮ್ಯಾಕ್ ನಂಬರ್ ಇರುತ್ತದೆ, ಅದೇ ಪಟ್ಟಿಯಲ್ಲಿ ಸಿಕ್ಕರೆ ಪಕ್ಕದಲ್ಲಿರುವುದೇ ಅಡ್ರೆಸ್, ಬ್ರೌಸರಿನಲ್ಲಿ ಹೊಡೆಯಿರಿ, ಮುಗಿಯಿತು. ಸಿಗದಿದ್ದರೆ, ಮತ್ತು ಲ್ಯಾನ್ ಲೈಟ್ ಹತ್ತಿದ್ದರೆ, ಗಟ್ಟಿ ಅಡ್ರೆಸ್ ಇದೆ ಅಂತಲೇ ಮೊದಲು ಅನುಮಾನ ಪಡಿ. ಡಿಸ್ಕಿನ ಮೇಲಲ್ಲ.

ಒಳಗಿನ ಡೇಟಾ ನಿಮಗೆ ಬೇಡವಾದರೆ ಸುಲಭ, ಹಿಂದೆ ಪಿನ್ನು ತೂರಿಸುವ ರೀಸೆಟ್ ತೂತು ಇದೆ. ಆದರೆ ಎಷ್ಟು ಹೊತ್ತು ಒತ್ತಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಸೈನಾಲಜಿಯಲ್ಲಿ ಒಂದು ಬೀಪ್ ಬರುವವರೆಗೆ, ಸುಮಾರು 4 ಸೆಕೆಂಡು ಒತ್ತಿ ಬಿಟ್ಟರೆ ಅಡ್ಮಿನ್ ಪಾಸ್‌ವರ್ಡ್, ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ಮೊದಲಿನಂತಾಗುತ್ತವೆ, ಫೈಲು ಹಾಗೇ ಇರುತ್ತವೆ. ಕ್ಯೂನ್ಯಾಪ್‌ನಲ್ಲಿ 3 ಸೆಕೆಂಡು. ಜಾಸ್ತಿ ಹೊತ್ತು ಒತ್ತಿದರೆ, ಎರಡನೇ ಸಲ ಒತ್ತಿದರೆ ಬೇರೆ ಹಂತದ ರೀಸೆಟ್ ಆಗುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಪೂರ್ತಿ ರೀಸೆಟ್ ಅಂದರೆ ಫೈಲೂ ಹೋದ ಹಾಗೆ. ಮಾಡೆಲ್ ನಂಬರ್ ಹಾಕಿ ಕಂಪನಿಯ ಮ್ಯಾನ್ಯುಯಲ್ ಓದದೆ ಪಿನ್ನು ಹಿಡಿಯಬೇಡಿ ಅನ್ನುವುದು ನನ್ನ ಕಟ್ಟುನಿಟ್ಟಿನ ಅಭಿಪ್ರಾಯ, ಇದರಲ್ಲಿ ರಾಜಿ ಇಲ್ಲ.

ಡೇಟಾ ಬೇಕು ಅಂದರೆ ಏನು ಮಾಡುವುದು? ಗುಬ್ಬಿ ಕಡೆಯ ನನ್ನ ಗೆಳೆಯರೊಬ್ಬರದ್ದು ಅದೇ ಪರಿಸ್ಥಿತಿ. ಮುಚ್ಚುತ್ತಿದ್ದ ಒಂದು ಸ್ಟುಡಿಯೋದ ಸಾಮಾನೆಲ್ಲ ಒಟ್ಟಿಗೆ ಕೊಂಡಿದ್ದರು, ಲೈಟು, ಸ್ಟ್ಯಾಂಡು, ಜೊತೆಗೆ ಈ ಬಾಕ್ಸ್. ಅದರಲ್ಲಿ ಇನ್ನೂ ಗಿರಾಕಿಗಳಿಗೆ ಕೊಡಬೇಕಿದ್ದ ಮದುವೆ ಫೋಟೊಗಳು. ಬಾಕ್ಸ್ ಕನೆಕ್ಟ್ ಆಗಲಿಲ್ಲ. ಒಂದು ಸರ್ವಿಸ್ ಅಂಗಡಿಗೆ ಕೊಟ್ಟರು. ಅಲ್ಲಿನವರು ಡಿಸ್ಕ್ ಬಿಚ್ಚಿ ವಿಂಡೋಸ್ ಕಂಪ್ಯೂಟರಿಗೆ ಹಾಕಿದರು. ತೆರೆಯ ಮೇಲೆ 'ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು' ಅನ್ನುವ ಅರ್ಥದ ಸಂದೇಶ ಬಂತು. ಡಿಸ್ಕ್ ಖಾಲಿ, ಹೋಗಿದೆ ಅಂದರು. ಗೆಳೆಯರು ಅಲ್ಲಿಂದಲೇ ನನಗೆ ಫೋನ್ ಮಾಡಿದರು.

'ಅಣ್ಣಾ, ಓಕೆ ಒತ್ತೋಕೆ ಬಿಡಬೇಡಿ, ಕ್ಯಾನ್ಸಲ್ ಮಾಡಿಸಿ' ಅಂದೆ.

'ಖಾಲಿ ಅಂತ ತೋರಿಸ್ತಿದೆಯಲ್ಲ ಮಾರಾಯ?'

'ಖಾಲಿ ಅಲ್ಲ, ಅದಕ್ಕೆ ಓದೋಕೆ ಬರ್ತಿಲ್ಲ. ಡಿಸ್ಕ್ ಎರಡನ್ನೂ ಮೊದಲು ಯಾವ ಕಿಂಡಿಯಲ್ಲಿದ್ದವೋ ಅದೇ ಕಿಂಡಿಗೆ ಹಾಕಿಸಿ, ಬಾಕ್ಸ್ ತಗೊಂಡು ಸೀದಾ ಬನ್ನಿ.'

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಅತಿ ಹೆಚ್ಚು ನಷ್ಟ ಆಗುವುದು ಇಲ್ಲೇ. ನಾಸ್ ಡಿಸ್ಕುಗಳು ಲಿನಕ್ಸಿನ ಇಎಕ್ಸ್‌ಟಿ4 ಅಥವಾ ಅಂಥದ್ದೇ ಬೇರೆ ಪದ್ಧತಿಯಲ್ಲಿ ಬರೆದಿರುತ್ತವೆ, ಎರಡು ಡಿಸ್ಕ್ ಇದ್ದರೆ ರೇಡ್ ಅಂತ ಜೋಡಿ ಮಾಡಿರುತ್ತವೆ. ವಿಂಡೋಸಿಗೆ ಅದು ನೇರವಾಗಿ ಓದಲು ಬರುವುದಿಲ್ಲ. ಓದಲು ಬರದ್ದನ್ನೆಲ್ಲ ಅದು ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಚೆನ್ನಾಗಿರುವ ಡಿಸ್ಕಿಗೂ ಅದೇ ಪ್ರಶ್ನೆ ಬರುತ್ತದೆ. ಬಾಕ್ಸೇ ಸತ್ತಿದ್ದರೂ ಪೆನ್ ಡ್ರೈವಿನಲ್ಲಿ ಉಬುಂಟು ಅನ್ನುವ ಉಚಿತ ಲಿನಕ್ಸ್ ಹಾಕಿ ಕಂಪ್ಯೂಟರ್ ಬೂಟ್ ಮಾಡಿದರೆ ಎಷ್ಟೋ ಸಲ ಅದೇ ಡಿಸ್ಕಿನ ಫೈಲು ತೆಗೆಯಬಹುದು. ಆದ್ದರಿಂದ ಯಾರೇ ಡಿಸ್ಕ್ ಬಿಚ್ಚಿ ವಿಂಡೋಸಿಗೆ ಹಾಕಿ 'ಹೋಗಿದೆ' ಅಂದರೆ ನಂಬಬೇಡಿ, ಪಕ್ಕದಲ್ಲಿ ನಿಂತಿರಿ, ಮೌಸ್ ಮೇಲೆ ಕಣ್ಣಿಡಿ.

ಗೆಳೆಯರ ಬಾಕ್ಸಿಗೆ ರೀಸೆಟ್ ಕೂಡ ಮುಟ್ಟಲಿಲ್ಲ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಬಾಕ್ಸಿನಿಂದ ನೇರ ಲ್ಯಾಪ್‌ಟಾಪಿಗೇ ಲ್ಯಾನ್ ಕೇಬಲ್ ಹಾಕಿದೆವು. ವೈರ್‌ಶಾರ್ಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಕೇಬಲ್ಲಿನಲ್ಲಿ ಏನು ಓಡಾಡುತ್ತಿದೆ ಅಂತ ತೋರಿಸುತ್ತದೆ. ಅದನ್ನು ಓಡಲು ಬಿಟ್ಟು ಬಾಕ್ಸ್ ಆನ್ ಮಾಡಿ. ಗಟ್ಟಿ ಅಡ್ರೆಸ್ ಇರುವ ಬಾಕ್ಸ್ ಬೂಟ್ ಆದ ಕೂಡಲೇ ತನ್ನ ಹಳೇ ರೂಟರನ್ನು ಕರೆಯಲು ಶುರು ಮಾಡುತ್ತದೆ, ಟೈಮ್ ಕೇಳಬೇಕು, ಅಪ್‌ಡೇಟ್ ಕೇಳಬೇಕು ಅಂತ. ಎಆರ್‌ಪಿ ಅನ್ನುವ ಸಾಲುಗಳು ಬರುತ್ತವೆ, ಅವುಗಳ ಅರ್ಥ ಇಷ್ಟೇ: ಇಂಥ ಅಡ್ರೆಸ್ಸಿನವರು ಯಾರು, ಇಂಥ ಅಡ್ರೆಸ್ಸಿಗೆ ತಿಳಿಸಿ. ಕೊನೆಯಲ್ಲಿ ಬರುವುದೇ ಬಾಕ್ಸಿನ ಅಡ್ರೆಸ್. ತಾನೇ ಬಾಯಿಬಿಟ್ಟು ಹೇಳುತ್ತದೆ! ಅದು 10.0.5.20 ಅಂತ ಇಟ್ಟುಕೊಳ್ಳಿ, ಲ್ಯಾಪ್‌ಟಾಪಿನ ಲ್ಯಾನ್ ಸೆಟ್ಟಿಂಗಿನಲ್ಲಿ ಕೈಯಾರೆ 10.0.5.99 ಅಂತ ಬರೆದು, ಸಬ್‌ನೆಟ್ ಮಾಸ್ಕ್ ಅನ್ನುವ ಕಡೆ 255.255.255.0 ಹಾಕಿ, ಬ್ರೌಸರಿನಲ್ಲಿ ಬಾಕ್ಸಿನ ಅಡ್ರೆಸ್ ಹೊಡೆದರೆ ಲಾಗಿನ್ ಪೇಜ್ ಬರುತ್ತದೆ. ಗೆಳೆಯರು ಹಳೇ ಮಾಲೀಕರಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದರು, ಅವರೂ ಪಾಪ ಪುಸ್ತಕ ಹುಡುಕಿ ಹೇಳಿದರು. ಫೋಟೊಗಳೆಲ್ಲ ಇದ್ದವು. ಮೊದಲು ಅವನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡು, ಆಮೇಲೆ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಗಟ್ಟಿ ಅಡ್ರೆಸ್ ತೆಗೆದು ರೂಟರ್ ಕೊಟ್ಟದ್ದನ್ನು ತಗೊಳ್ಳುವ ಹಾಗೆ ಬದಲಿಸಿದೆವು. ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪಿನ ಸೆಟ್ಟಿಂಗೂ ಮೊದಲಿನಂತೆ ಮಾಡಬೇಕು, ಇಲ್ಲದಿದ್ದರೆ ಲ್ಯಾನ್ ಕೇಬಲ್ ಹಾಕಿದಾಗ ಇಂಟರ್ನೆಟ್ ಬರುತ್ತಿಲ್ಲ ಅಂತ ಇನ್ನೊಂದು ತಲೆನೋವು.

ನೇರ ಕೇಬಲ್ ಹಾಕಿದಾಗ ಲ್ಯಾಪ್‌ಟಾಪಿನಲ್ಲಿ 169.254 ಅಂತ ಶುರುವಾಗುವ ಅಡ್ರೆಸ್ ಬಂದರೆ ಹೆದರಬೇಡಿ. ಅಡ್ರೆಸ್ ಹಂಚುವವರು ಯಾರೂ ಇಲ್ಲ, ತಾನೇ ಒಂದು ಇಟ್ಟುಕೊಂಡಿದ್ದೇನೆ ಅನ್ನುವುದು ಅದರ ಅರ್ಥ. ಕೆಲವು ನಾಸ್‌ಗಳೂ ಅದೇ ಸಾಲಿನದ್ದು ಇಟ್ಟುಕೊಳ್ಳುತ್ತವೆ, ಕ್ಯೂನ್ಯಾಪ್‌ನದ್ದು 169.254.100.100. ಆಗ ನೇರ ಅದನ್ನೇ ಹೊಡೆದು ನೋಡಬಹುದು. ಲಾಗಿನ್ ಪೇಜಿನ ಪೋರ್ಟ್ ನಂಬರ್ ಕೂಡ ಬೇಕಾಗಬಹುದು, ಅಡ್ರೆಸ್ ಆದ ಮೇಲೆ ಕೋಲನ್ ಹಾಕಿ ಸೈನಾಲಜಿಗೆ 5000, ಕ್ಯೂನ್ಯಾಪ್‌ಗೆ 8080. ತೀರಾ ಹಳೇ ಬಾಕ್ಸಾದರೆ ಬ್ರೌಸರು 'ಸುರಕ್ಷಿತ ಅಲ್ಲ' ಅಂತ ಪೇಜೇ ತೋರಿಸದೆ ಹಠ ಮಾಡುತ್ತದೆ. 2020ರಲ್ಲಿ ಬ್ರೌಸರುಗಳು ಮಾತುಕತೆ ಗುಟ್ಟಾಗಿಡುವ ಟಿಎಲ್‌ಎಸ್ ಪದ್ಧತಿಯ ಹಳೇ 1.0 ಮತ್ತು 1.1 ಆವೃತ್ತಿ ಬಿಟ್ಟವು, ಹಳೇ ಬಾಕ್ಸಿಗೆ ಅದರಿಂದಾಚೆ ಬರುವುದಿಲ್ಲ. ಎಚ್‌ಟಿಟಿಪಿಎಸ್ ಬಿಟ್ಟು ಬರೀ ಎಚ್‌ಟಿಟಿಪಿ ಅಂತ ಹೊಡೆದರೆ ಎಷ್ಟೋ ಸಲ ತೆರೆಯುತ್ತದೆ.

ಇನ್ನೊಂದು ಸಾಮಾನ್ಯ ಗೊಂದಲ ಎರಡು ರೂಟರಿನದ್ದು. ಫೈಬರ್ ಕಂಪನಿಯವರು ಒಂದು ಬಾಕ್ಸ್ ಕೊಟ್ಟಿರುತ್ತಾರೆ, ಸಿಗ್ನಲ್ ಸಾಲದು ಅಂತ ನಾವು ಇನ್ನೊಂದು ವೈಫೈ ರೂಟರ್ ತಂದು ಜೋಡಿಸಿರುತ್ತೇವೆ. ಅಲ್ಲಿಗೆ ಮನೆಯಲ್ಲಿ ಎರಡು ನೆಟ್‌ವರ್ಕ್ ಆದವು. ನಾಸ್ ಒಂದರಲ್ಲಿ, ಲ್ಯಾಪ್‌ಟಾಪ್ ಇನ್ನೊಂದರಲ್ಲಿ ಇದ್ದರೆ ನಾಸ್ ಹುಡುಕಲು ಕಂಪನಿ ಕೊಡುವ ಸಾಫ್ಟ್‌ವೇರಿಗೆ ಅದು ಕಾಣುವುದೇ ಇಲ್ಲ. ಎರಡನ್ನೂ ಒಂದೇ ರೂಟರಿಗೆ ತನ್ನಿ, ಅಥವಾ ಎರಡನೇ ರೂಟರನ್ನು ಅಡ್ರೆಸ್ ಹಂಚದೆ ವೈಫೈ ಮಾತ್ರ ಕೊಡುವ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ. ಗೆಸ್ಟ್ ವೈಫೈನಲ್ಲಿ ಕೂತು ಹುಡುಕಿದರೂ ಸಿಗದು, ಅದು ಇರುವುದೇ ಒಬ್ಬರಿಗೊಬ್ಬರು ಕಾಣಬಾರದು ಅಂತ.

ಪೇಜ್ ತೆರೆಯುತ್ತದೆ, ಆದರೆ ವಿಂಡೋಸಿನಲ್ಲಿ ಫೋಲ್ಡರ್ ಬರುತ್ತಿಲ್ಲ. ಇದು ಬೇರೆ ಜಾತಿಯ ರೋಗ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಬೀಗ ಹಾಕಿ ದುಡ್ಡು ಕೇಳಿದ್ದು ನೆನಪಿರಬಹುದು. ಅದು ಹರಡಿದ್ದು ಎಸ್‌ಎಂಬಿ1 ಅನ್ನುವ ಹಳೇ ಫೈಲ್ ಹಂಚಿಕೆ ದಾರಿಯಿಂದ. ಮೈಕ್ರೋಸಾಫ್ಟ್ ಅದನ್ನು ಬಿಡಿಸುವ ತಯಾರಿಯಲ್ಲಿ ಮೊದಲೇ ಇತ್ತು, ಅದೇ ವರ್ಷದ ಅಕ್ಟೋಬರಿನ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಅದು ತಾನಾಗಿ ಬರುವುದಿಲ್ಲ. ಹಳೇ ನಾಸ್‌ಗಳಲ್ಲಿ ಕೆಲವಕ್ಕೆ ಗೊತ್ತಿರುವುದು ಅದೊಂದೇ ಭಾಷೆ. ನಾಸ್ ಸೆಟ್ಟಿಂಗಿನಲ್ಲಿ ಎಸ್‌ಎಂಬಿ2 ಅಥವಾ 3 ಆನ್ ಮಾಡುವ ಜಾಗ ಇದೆಯಾ ನೋಡಿ, ಇಲ್ಲದಿದ್ದರೆ ಕಂಪನಿಯ ಸೈಟಿನಿಂದ ಕೊನೆಯ ಫರ್ಮ್‌ವೇರ್, ಅಂದರೆ ಬಾಕ್ಸಿನೊಳಗಿನ ಸಾಫ್ಟ್‌ವೇರ್, ಹಾಕಿ ನೋಡಿ. ಅದೂ ಆಗಲಿಲ್ಲ ಅಂದರೆ ಫೈಲು ತೆಗೆಯುವಷ್ಟು ಹೊತ್ತಿಗೆ ಮಾತ್ರ ಒಂದು ಕಂಪ್ಯೂಟರಿನಲ್ಲಿ ಎಸ್‌ಎಂಬಿ1 ಆನ್ ಮಾಡಿ, ಕಾಪಿ ಮಾಡಿಕೊಂಡು, ಆಫ್ ಮಾಡಿ. ವಿಡಿಯೊ ನೋಡಿ ಆಫೀಸಿನ ಎಲ್ಲ ಕಂಪ್ಯೂಟರುಗಳಲ್ಲಿ ಅದನ್ನು ಆನ್ ಮಾಡಿ ಮರೆಯುವವರಿದ್ದಾರೆ, ಅದಕ್ಕಿಂತ ಆ ಬಾಕ್ಸ್ ಇಲ್ಲದಿರುವುದೇ ವಾಸಿ.

ಮತ್ತೆ, ವಿಂಡೋಸಿನ 'ನೆಟ್‌ವರ್ಕ್' ಐಕಾನ್ ಒತ್ತಿ ಅಲ್ಲಿ ನಾಸ್ ಕಾಣಲಿಲ್ಲ ಅಂತ ಕೈಚೆಲ್ಲಬೇಡಿ. ಆ ಪಟ್ಟಿಯಲ್ಲಿ ಕಾಣದೆಯೂ ಬಾಕ್ಸ್ ಚೆನ್ನಾಗಿ ಕೆಲಸ ಮಾಡುತ್ತಿರಬಹುದು. ಆ ಕಿಟಕಿಯ ಮೇಲೆ ಅಡ್ರೆಸ್ ಬರೆಯುವ ಜಾಗದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನಾಸ್‌ನ ಐಪಿ ಹೊಡೆಯಿರಿ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಫೋಲ್ಡರುಗಳನ್ನು ಈಚಿನ ವಿಂಡೋಸ್ ಒಪ್ಪದೆ ಇರಬಹುದು, ನಾಸ್‌ನಲ್ಲಿ ಒಂದು ಯೂಸರ್ ಮಾಡಿ ಪಾಸ್‌ವರ್ಡ್ ಇಟ್ಟುಬಿಡಿ.

ಫೋನಿನ ಆಪ್‌ನಲ್ಲಿ ಬರುತ್ತಿಲ್ಲ ಅನ್ನುವವರಿಗೆ ಬೇರೆ ಉತ್ತರ. ಕೆಲವು ಬಾಕ್ಸುಗಳನ್ನು ಕಂಪನಿಯೇ ಕೈಬಿಟ್ಟಿರುತ್ತದೆ. ವೆಸ್ಟರ್ನ್ ಡಿಜಿಟಲ್‌ನ ಮೈ ಕ್ಲೌಡ್ ನಾಸ್‌ಗಳಲ್ಲಿದ್ದ ಓಎಸ್ 3 ಸಾಫ್ಟ್‌ವೇರಿಗೆ 2022ರ ಏಪ್ರಿಲ್ 15ಕ್ಕೆ ಬೆಂಬಲ ಮುಗಿಯಿತು, ಓಎಸ್ 5ಕ್ಕೆ ಹೋಗಲಾಗದ ಮಾಡೆಲ್‌ಗಳು ಮನೆಯೊಳಗೆ ಮಾತ್ರ ಸಿಗುತ್ತವೆ, ಹೊರಗಿನಿಂದ ಇಲ್ಲ. ಅದನ್ನು ರಿಪೇರಿ ಮಾಡಿಸಲು ಹೊರಟರೆ ಸುಮ್ನೆ ದುಡ್ಡು ದಂಡ. ಇನ್ನು ಕೆಲವು ಮಾಡೆಲ್‌ಗಳು ಮೊದಲ ಮಾಲೀಕರ ಅಕೌಂಟಿಗೆ ಅಂಟಿಕೊಂಡಿರುತ್ತವೆ, ಪೂರ್ತಿ ರೀಸೆಟ್ ಮಾಡುವವರೆಗೆ ನಿಮ್ಮನ್ನು ಮಾಲೀಕರು ಅಂತ ಒಪ್ಪುವುದೇ ಇಲ್ಲ.

ಹೊರಗಿನಿಂದಲೂ ಬೇಕು ಅಂತ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಹಳೇ ಬಾಕ್ಸನ್ನು ಇಂಟರ್ನೆಟ್ಟಿಗೆ ತೆರೆದಿಡುವ ಬುದ್ಧಿವಂತಿಕೆ ಬೇಡ. 2021ರ ಜೂನಿನಲ್ಲಿ ಮೈ ಬುಕ್ ಲೈವ್ ಅನ್ನುವ ಮಾಡೆಲ್ ಇಟ್ಟುಕೊಂಡವರು ಒಂದು ಬೆಳಗ್ಗೆ ಎದ್ದು ನೋಡಿದರೆ ಬಾಕ್ಸ್ ಖಾಲಿ, ಯಾರೋ ಹೊರಗಿನಿಂದ ಫ್ಯಾಕ್ಟರಿ ರೀಸೆಟ್ ಮಾಡಿದ್ದರು. ಅದಕ್ಕೆ ಕೊನೆಯ ಅಪ್‌ಡೇಟ್ ಬಂದದ್ದು 2015ರಲ್ಲಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ದಾಳಿ ಇಂಟರ್ನೆಟ್ಟಿಗೆ ತೆರೆದಿದ್ದ ಕ್ಯೂನ್ಯಾಪ್ ಬಾಕ್ಸುಗಳ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಮನೆಯೊಳಗೇ ಇರಲಿ ಬಿಡಿ.

ಕರೆಂಟ್ ಹೋಗಿ ಬಂದ ಮೇಲೆ ಕನೆಕ್ಟ್ ಆಗುತ್ತಿಲ್ಲ ಅಂದರೆ ತಾಳ್ಮೆ ಬೇಕು. ಬಾಕ್ಸ್ ಒಳಗೊಳಗೇ ಡಿಸ್ಕ್ ಪರೀಕ್ಷೆ ಮಾಡುತ್ತಿರಬಹುದು, ದೊಡ್ಡ ಡಿಸ್ಕಾದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಆಗ ಪ್ಲಗ್ ಕಿತ್ತು ಹಾಕಿ ಮಾಡಿದರೆ ಇದ್ದದ್ದೂ ಹಾಳು. ಡಿಸ್ಕ್ ಲೈಟ್ ಮಿಣುಕುತ್ತಿದ್ದರೆ ರಾತ್ರಿಯಿಡೀ ಬಿಡಿ, ಬೆಳಗ್ಗೆ ನೋಡಿ. ನಮ್ಮೂರಲ್ಲಿ ಯುಪಿಎಸ್ ಇಲ್ಲದೆ ನಾಸ್ ಇಡಲೇಬಾರದು, ಕರೆಂಟಿನಿಂದ ಮನೆಯ ಇನ್ವರ್ಟರಿಗೆ ಬದಲಾಗುವಾಗ ಬರುವ ಕಣ್ಣುಮಿಟುಕಿನ ಗ್ಯಾಪಿಗೂ ಕೆಲವು ಬಾಕ್ಸ್ ಆಫ್ ಆಗುತ್ತವೆ. ಹಳೇ ಬಾಕ್ಸಿನ ಬೋರ್ಡಿನಲ್ಲಿ ಸಿಆರ್2032 ಬಟನ್ ಸೆಲ್ ಇದ್ದರೆ ಅದೂ ಸತ್ತಿರಬಹುದು, ಆಗ ಬಾಕ್ಸಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಲಾಗಿನ್ ವಿಚಿತ್ರವಾಗಿ ಆಡುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವ ಸೆಲ್ ಅದು.

ನಿಜವಾಗಿಯೂ ಸತ್ತ ಬಾಕ್ಸುಗಳೂ ಇವೆ, ಇಲ್ಲ ಅನ್ನುವುದಿಲ್ಲ. ಇಂಟೆಲ್ ಆಟಮ್ ಸಿ2000 ಚಿಪ್ಪಿನ ದೋಷ 2017ರಲ್ಲಿ ಹೊರಬಂತು, ಆ ಚಿಪ್ ಹಾಕಿದ ಕೆಲವು ನಾಸ್‌ಗಳು ವರ್ಷ ಕಳೆದಂತೆ ಆನ್ ಆಗುವುದನ್ನೇ ನಿಲ್ಲಿಸುತ್ತವೆ. ಸೈನಾಲಜಿಯ ಡಿಎಸ್415 ಪ್ಲಸ್, ಡಿಎಸ್1515 ಪ್ಲಸ್, ಡಿಎಸ್1815 ಪ್ಲಸ್ ಅಂಥವು. ಬೆಲೆ ಕಮ್ಮಿ ಅಂತ ತರುವ ಮುಂಚೆ ಮಾಡೆಲ್ ನೋಡಿ.

ಮಾರುವವರಿಗೆ ನನ್ನ ಮಾತು ಇಷ್ಟು. ಎಸ್‌ಪಿ ರೋಡಿರಲಿ, ತುಮಕೂರಿನ ಅಂಗಡಿ ಇರಲಿ, ನಾಸ್ ಕೊಡುವ ಮುಂಚೆ ಗಿರಾಕಿ ಎದುರಿಗೇ ಒಂದು ರೂಟರಿಗೆ ಹಾಕಿ, ಲಾಗಿನ್ ಪೇಜ್ ತೆಗೆದು ತೋರಿಸಿ. ಟಿವಿ ಮಾರುವಾಗ ಆನ್ ಮಾಡಿ ತೋರಿಸುತ್ತೀರಿ ತಾನೇ? 'ಆನ್ ಆಗುತ್ತೆ ಸಾರ್, ಮಿಕ್ಕಿದ್ದು ನೀವೇ ನೋಡ್ಕೊಳ್ಳಿ' ಅನ್ನುವುದು ವ್ಯಾಪಾರ ಅಲ್ಲ. ಪೂರ್ತಿ ರೀಸೆಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು, ಆ ಮಾಡೆಲ್ಲಿನದೇ ಅಡಾಪ್ಟರ್ ಕೊಟ್ಟು, ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬರೆಯಿರಿ. ಹೀಗೆ ಮಾಡುವುದು ಗಿರಾಕಿಗೆ ಉಪಕಾರ ಅಂತಷ್ಟೇ ಅಲ್ಲ. ಕಂಪನಿಗಳಿಂದ ಬಂದ ಬಾಕ್ಸುಗಳಲ್ಲಿ ಯಾರದ್ದೋ ಸಂಬಳದ ಲೆಕ್ಕ, ಆಧಾರ್ ಕಾಪಿ, ಮನೆ ಪತ್ರ ಹಾಗೇ ಇರುವುದನ್ನು ನೋಡಿದ್ದೇನೆ. ಡಿಲೀಟ್ ಒತ್ತಿದರೆ ಅವು ಹೋಗುವುದಿಲ್ಲ, ವಾಪಸ್ ತೆಗೆಯಬಹುದು. ಡೇಟಾ ರಕ್ಷಣೆಗೆ 2023ರಲ್ಲೇ ಕೇಂದ್ರದ ಕಾನೂನು ಬಂದಿದೆ. ಕಂಪನಿಯವರು ಡಿಸ್ಕ್ ಪೂರ್ತಿ ಅಳಿಸದೆ ಕೊಡಬಾರದು, ಅಂಗಡಿಯವರು ಅಳಿಸದೆ ಮುಂದಕ್ಕೆ ದಾಟಿಸಬಾರದು.

ಕೊಳ್ಳುವವರು ಬಿಲ್ ಇಲ್ಲದೆ ತರಬೇಡಿ. ಬಿಲ್ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕಾದರೂ ಫೋನ್ ಮಾಡಬಹುದು. ಒಳಗಿನ ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ನಾಸ್ ಪೇಜಿನಲ್ಲೇ ಸ್ಮಾರ್ಟ್ ಅನ್ನುವ ಕಡೆ ತೋರಿಸುತ್ತದೆ, ಅಂಗಡಿಯಲ್ಲೇ ನೋಡಿ. ವರ್ಷಕ್ಕೆ 8,760 ಗಂಟೆ. 40,000 ಗಂಟೆ ಅಂತ ಇದ್ದರೆ ನಾಲ್ಕೂವರೆ ವರ್ಷ ಹಗಲೂ ರಾತ್ರಿ ತಿರುಗಿದೆ ಅಂತ ಲೆಕ್ಕ. ಅಂಥ ಡಿಸ್ಕಿನಲ್ಲಿ ನಾನಂತೂ ಮದುವೆ ಫೋಟೊ ಇಡುವುದಿಲ್ಲ. ಬಾಕ್ಸ್ ಹಳೆಯದಿರಲಿ, ಡಿಸ್ಕ್ ಹೊಸದೇ ಹಾಕಿ, ಇನ್ನೊಂದು ಕಾಪಿ ಬೇರೆ ಕಡೆಯೂ ಇರಲಿ, ಯಾಕಂದರೆ ಜೋಡಿ ಡಿಸ್ಕ್ ಇದ್ದರೂ ತಪ್ಪಿ ಡಿಲೀಟ್ ಆದದ್ದು ಎರಡರಲ್ಲೂ ಡಿಲೀಟ್ ಆಗುತ್ತದೆ.

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಫೋನುಗಳ ಬಗ್ಗೆ ವಾರವಾರವೂ ಬರೆಯುತ್ತೀರಿ, ಸಂತೋಷ. ಹಳೇ ಸಾಮಾನು ಕೊಳ್ಳುವವರಿಗೂ ಆಗಾಗ ಒಂದು ಕಾಲಂ ಕೊಟ್ಟರೆ ನಮ್ಮಂಥ ಊರಿನವರಿಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಇತಿ,
ಸ್ಟುಡಿಯೋ ನಡೆಸುವ ಒಬ್ಬ ಓದುಗ
ತುಮಕೂರು